ಮೊಬೈಲ್ ಆಟ ವಿಶ್ರಾಂತಿಯೇ? ಅಳೆದು ನೋಡಿ

‘ಓದಿ ಓದಿ ದಣಿದಿರುತ್ತಾನೆ ಡಾಕ್ಟ್ರೇ, ಅರ್ಧ ಗಂಟೆ ಮೊಬೈಲಿನಲ್ಲಿ ಆಡಿಕೊಳ್ಳಲಿ ಅಂತ ಬಿಡುತ್ತೇವೆ. ಮತ್ತೆ ಪುಸ್ತಕ ಹಿಡಿದರೆ ತಲೆನೋವು ಅನ್ನುತ್ತಾನೆ.’ ಪರೀಕ್ಷೆ ಹತ್ತಿರ ಬಂದಂತೆ ನಾವು ವೈದ್ಯರು ಪದೇ ಪದೇ ಕೇಳುವ ಮಾತಿದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಎಲ್ಲರೂ ಕೇಳುತ್ತೇವೆ. ಮಕ್ಕಳ ಮನಸ್ಸು ದಿನಕ್ಕೆ ಎಷ್ಟು ದುಡಿಯಿತು ಎಂದು ಕೇಳುವವರು ವಿರಳ.

ಹೊಲದಲ್ಲಿ ದುಡಿದವನ ಬೆವರು ಕಾಣುತ್ತದೆ. ಕುಳಿತಲ್ಲೇ ಆಡುವ ಹುಡುಗನ ಶ್ರಮ ಕಾಣುವುದಿಲ್ಲ. ಕಾಣದಿದ್ದರೂ ಅದನ್ನು ಅಳೆಯಬಹುದು. ಮನಸ್ಸಿನಲ್ಲೇ ಗುಣಾಕಾರ ಮಾಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಲೆಕ್ಕ ಕಠಿಣವಾದಷ್ಟೂ ಹೆಚ್ಚು ಹಿಗ್ಗುತ್ತದೆ ಎಂದು ಹೆಸ್ ಮತ್ತು ಪೋಲ್ಟ್ ಎಂಬ ವಿಜ್ಞಾನಿಗಳು 1964ರಲ್ಲೇ ತೋರಿಸಿದರು. ಮನಸ್ಸು ದುಡಿಯುವಾಗ ನಾಡಿಬಡಿತವೂ ಬದಲಾಗುತ್ತದೆ. 1988ರಲ್ಲಿ ಅಮೆರಿಕದ ನಾಸಾ ಸಂಶೋಧಕರು ಆರು ಪ್ರಶ್ನೆಗಳ ಅಳತೆಗೋಲೊಂದನ್ನು ಪ್ರಕಟಿಸಿದರು: ಮನಸ್ಸಿಗೆ ಎಷ್ಟು ಕೆಲಸ, ಮೈಗೆ ಎಷ್ಟು ಕೆಲಸ, ಸಮಯದ ಒತ್ತಡ ಎಷ್ಟು, ಕೆಲಸ ಎಷ್ಟು ಚೆನ್ನಾಗಿ ಆಯಿತು, ಎಷ್ಟು ಶ್ರಮಪಟ್ಟಿರಿ, ಎಷ್ಟು ಕಿರಿಕಿರಿಯಾಯಿತು. ವಿಡಿಯೊ ಗೇಮ್ ಆಡುವವರ ಮೇಲೂ ಇದನ್ನು ಬಳಸುತ್ತಾರೆ.

ಎಲ್ಲ ಆಟವೂ ಒಂದೇ ಅಲ್ಲ. 1992ರಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಹೈಯರ್ ಮತ್ತು ಸಂಗಡಿಗರು ಟೆಟ್ರಿಸ್ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕೆಲವು ವಾರಗಳ ಅಭ್ಯಾಸದ ನಂತರ ಅವರ ಅಂಕ ಬಹಳ ಏರಿತು, ಆದರೆ ಮಿದುಳು ಬಳಸುವ ಗ್ಲೂಕೋಸ್ ಇಳಿಯಿತು. ಪಳಗಿದ ಆಟ ಹಗುರ, ಹೊಸ ಆಟ ಭಾರ. ಎದುರಾಳಿ ಗುಂಡು ಹಾರಿಸುವ ಆಟದಲ್ಲಿ ಸಮಯದ ಒತ್ತಡ ಬೇರೆ. ಚೌಕಾಬಾರದಲ್ಲಿ ಯೋಚಿಸಿ ಕಾಯಿ ನಡೆಸುವವರೆಗೆ ಎದುರಿನವರು ಕಾಯುತ್ತಾರೆ, ಮೊಬೈಲ್ ಕಾಯುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಆಟವನ್ನು ಗಡಿಯಾರದಿಂದ ಮಾತ್ರ ಅಳೆಯಬೇಡಿ, ಅದನ್ನು ವಿಶ್ರಾಂತಿ ಎಂದು ಮೊದಲೇ ತೀರ್ಮಾನಿಸಲೂಬೇಡಿ. ಮನೆಯಲ್ಲೇ ಪರೀಕ್ಷಿಸಿ ನೋಡಿ. ಮಗುವನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಆಟ ಮುಗಿದ ಕೂಡಲೇ ಮತ್ತೊಮ್ಮೆ, ಹತ್ತು ನಿಮಿಷದ ನಂತರ ಇನ್ನೊಮ್ಮೆ ಎಣಿಸಿ. ಮೇಲಿನ ಆರು ಪ್ರಶ್ನೆಗಳಿಗೆ ಹತ್ತಕ್ಕೆ ಎಷ್ಟು ಎಂದು ಅವನೇ ಬರೆಯಲಿ. ಇನ್ನೊಂದು ದಿನ ಅರ್ಧ ಗಂಟೆ ಗಣಿತ ಮಾಡಿದ ಮೇಲೂ ಹೀಗೆಯೇ ಬರೆಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಾಡಿ ಸಿಟ್ಟಿಗೂ ಏರುತ್ತದೆ, ಸಂತೋಷಕ್ಕೂ ಏರುತ್ತದೆ. ಆದ್ದರಿಂದ ನಾಡಿಯೊಂದನ್ನೇ ನಂಬಬೇಡಿ. ಇದು ರೋಗಪರೀಕ್ಷೆಯಲ್ಲ, ಅಂದಾಜು ಮಾತ್ರ. ಆದರೆ ಆಟದ ಅಂಕಗಳು ಗಣಿತದಷ್ಟೇ ಇದ್ದರೆ, ಬಿಡುವಿನ ಹೆಸರಿನಲ್ಲಿ ಅವನು ಇನ್ನೊಂದು ಪಾಳಿ ದುಡಿದಂತಾಯಿತು. ಆಗ ಬಿಡುವಿಗೆ ಬೇರೆ ದಾರಿ ಹುಡುಕಿ: ಬಯಲಲ್ಲಿ ಓಡಾಟ, ಒಂದಿಷ್ಟು ಹರಟೆ, ರಾತ್ರಿ ಸಾಕಷ್ಟು ನಿದ್ದೆ.

ತಲೆನೋವು ಬಿಡದಿದ್ದರೆ ಎಲ್ಲವನ್ನೂ ಮೊಬೈಲಿನ ಮೇಲೆ ಹಾಕದೆ ದೃಷ್ಟಿ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟ, ನಿದ್ದೆ, ಶಾಲೆ ಎಲ್ಲವನ್ನೂ ಬಿಟ್ಟು ಆಡುವ, ಬೇಕೆಂದರೂ ನಿಲ್ಲಿಸಲಾಗದ ಸ್ಥಿತಿ ತಿಂಗಳುಗಟ್ಟಲೆ ಇದ್ದರೆ ಅದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಅದಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮೊಬೈಲ್ ಕಿತ್ತುಕೊಂಡರೆ ಆ ಹೊತ್ತಿಗೆ ಆಟ ನಿಲ್ಲುತ್ತದೆ, ಅಷ್ಟೆ. ತನ್ನ ದಣಿವನ್ನು ತಾನೇ ಎಣಿಸಲು ಕಲಿತ ಮಗು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಯುತ್ತದೆ.