ಬಾಣಂತಿ ಸನ್ನಿಗೆ ತಾಯತ ಮದ್ದಲ್ಲ

"ಹೆಂಗಸರ ಮನಸ್ಸೇ ವೀಕ್, ಅದಕ್ಕೇ ಡಿಪ್ರೆಶನ್ ಬರುವುದು" ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ.

ಖಿನ್ನತೆ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು, ನಿಜ. ಆದರೆ ಆಟಿಸಂ ಹೆಚ್ಚು ಪತ್ತೆಯಾಗುವುದು ಹುಡುಗರಲ್ಲಿ. ಸ್ಕಿಜೋಫ್ರೇನಿಯಾ ಗಂಡಸರಿಗೆ ಕೆಲವು ವರ್ಷ ಮೊದಲೇ ಶುರುವಾಗುತ್ತದೆ. ಹಾಗಂತ ಗಂಡಸರು ವೀಕ್ ಅನ್ನುತ್ತೇವಾ?

ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸೋಂಕು ಬಂದರೆ ಎದುರಿಸುತ್ತವೆ, ಬೇಡದ ನರಸಂಪರ್ಕಗಳನ್ನು ಕತ್ತರಿಸುತ್ತವೆ. ಗಂಡು ಇಲಿ, ಹೆಣ್ಣು ಇಲಿಗಳಲ್ಲಿ ಇವುಗಳ ಸಂಖ್ಯೆ, ವರ್ತನೆ ಒಂದೇ ತರ ಇಲ್ಲ. ಕಾಯಿಲೆಗಳ ವ್ಯತ್ಯಾಸಕ್ಕೆ ಇದೂ ಒಂದು ಕಾರಣ ಇರಬಹುದೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಬಹಳ ಕಾಲ ಪ್ರಯೋಗಕ್ಕೆ ಗಂಡು ಪ್ರಾಣಿಗಳನ್ನೇ ಹೆಚ್ಚು ಬಳಸಿದ್ದರಿಂದ ಹೆಣ್ಣಿನ ಲೆಕ್ಕ ಹಿಂದೆ ಬಿದ್ದಿದೆ. ಬೇರೆ ಇದೆ ಎಂದರೆ ಕಡಿಮೆ ಇದೆ ಎಂದಲ್ಲ.

ನಮ್ಮ ಕಡೆಯ ಬಾಣಂತಿ ಸನ್ನಿಯನ್ನೇ ನೋಡಿ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಬರುತ್ತದೆ. ಹೆರಿಗೆಯಾದ ಕೂಡಲೇ ಹಾರ್ಮೋನು ಸರ್ರನೆ ಇಳಿಯುತ್ತದೆ, ನಿದ್ದೆ ಕೆಡುತ್ತದೆ. ಬಾಣಂತಿ ಮಾತು ತಪ್ಪಿ ಆಡುತ್ತಾಳೆ, ಮನೆಯವರ ಮೇಲೇ ಸಂಶಯ ಪಡುತ್ತಾಳೆ. ನಾವು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತೇವೆ. ಇದು ಎಮರ್ಜೆನ್ಸಿ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆಯಿಂದ ಹೆಚ್ಚಿನವರು ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟು ನೋಡಿಕೊಳ್ಳುವ ವಾರ್ಡೇ ಇದೆ.

ಸೊಸೆಯ ಗುಣ, ಅವಳ ತವರು ಎಂದು ಆಡಿಕೊಳ್ಳುವುದನ್ನು ಬಿಡಿ. ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.