ಬೀಗದ ಕೈ ಪಕ್ಕದ ಮನೆಯಲ್ಲಿ

ಮಕ್ಕಳೇ, ಫ್ರಾನ್ಸ್ ಅಂದ ಕೂಡಲೇ ನಿಮಗೆ ನೆನಪಾಗುವುದು ಐಫೆಲ್ ಗೋಪುರ ತಾನೇ? ನನಗೂ ಹಾಗೇ. ಮಗಳು, ಅಳಿಯ, ಮೊಮ್ಮಗ ಇರುವುದು ಪ್ಯಾರಿಸ್ಸಿನಲ್ಲಿ. ಹೋದ ವರ್ಷ ಜುಲೈನಲ್ಲಿ ಅಲ್ಲಿಗೆ ಹೋದಾಗ ಗೋಪುರವನ್ನು ಎರಡು ಸಲ ನೋಡಿ ಆಯಿತು. ಆಮೇಲೆ ಮಗಳು, “ಅಮ್ಮ, ಇನ್ನು ಹಳ್ಳಿಗೆ ಹೋಗೋಣ. ಒಂದು ಹಳೇ ಮನೆ ವಾರದ ಬಾಡಿಗೆಗೆ ಹಿಡಿದಿದ್ದೇನೆ” ಅಂದಳು.

ವಾರದ ಬಾಡಿಗೆ! ನಮ್ಮಲ್ಲಿ ಬಾಡಿಗೆ ಅಂದರೆ ಹನ್ನೊಂದು ತಿಂಗಳ ಕರಾರು, ಅಡ್ವಾನ್ಸು. ಅಲ್ಲಿ ಈ ಶನಿವಾರ ಸಂಜೆ ಒಳಗೆ, ಮುಂದಿನ ಶನಿವಾರ ಬೆಳಿಗ್ಗೆ ಹೊರಗೆ. ಇಂಥ ಮನೆಗೆ ಅವರು ‘ಜೀತ್’ ಅನ್ನುತ್ತಾರೆ. ನಮ್ಮ ಜೀತಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ ಅನ್ನಿ.

ಬೆಳಿಗ್ಗೆ ಆರಕ್ಕೇ ಹೊರಟೆವು. ದಕ್ಷಿಣಕ್ಕೆ ಸುಮಾರು 450 ಕಿ.ಮೀ. ಮೊದಲು ಕಣ್ಣು ಹಾಯುವಷ್ಟು ದೂರ ಗೋಧಿ ಬಯಲು. ಓರ್ಲಿಯಾನ್ ಹತ್ತಿರ ಲ್ವಾರ್ ನದಿ ದಾಟಿದೆವು. ಫ್ರಾನ್ಸಿನ ಅತಿ ಉದ್ದದ ನದಿ ಅದು, ನಮ್ಮ ಕಾವೇರಿಗಿಂತಲೂ ಉದ್ದ. ಲಿಮೋಜ್ ಸಮೀಪಿಸಿದಂತೆ ಬಯಲು ಹೋಗಿ ಗುಡ್ಡ ಬಂತು, ಹಸಿರು ಬಂತು, ಕೆಂಗಂದು ಬಣ್ಣದ ದಪ್ಪ ದಪ್ಪ ದನಗಳು ಬಂದವು. ನನಗೆ ಸೀದಾ ತೀರ್ಥಹಳ್ಳಿ ಕಡೆಯ ನಮ್ಮೂರೇ ನೆನಪಾಯಿತು.

ಯುಜೆರ್ಶ್ ಎಂಬ ಊರಿನ ಹತ್ತಿರ ಹೆದ್ದಾರಿ ಬಿಟ್ಟ ಮೇಲೆ ಮೊಬೈಲಿಗೆ ಸಿಗ್ನಲ್ ಇಲ್ಲ. ಆಗ ಹತ್ತು ವರ್ಷದ ಮೊಮ್ಮಗ ಕಾಗದದ ನಕ್ಷೆ ಬಿಚ್ಚಿದ. ಅದನ್ನು ಅಚ್ಚು ಹಾಕಿಸುವುದು ಮಿಷೆಲಿನ್ ಎಂಬ ಟೈರು ಕಂಪನಿ. ಜನ ಕಾರಿನಲ್ಲಿ ಹೆಚ್ಚು ಸುತ್ತಿದರೆ ತಾನೇ ಟೈರು ಸವೆಯುವುದು! ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 2 ಕಿ.ಮೀ. ನೋಡಲು ಚೆಂದವಾಗಿರುವ ರಸ್ತೆಗಳ ಅಂಚಿಗೆ ಹಸಿರು ಗೆರೆ. ಹುಡುಗ ನನ್ನ ಚೀಲದಿಂದ ಹೊಲಿಗೆ ದಾರ ತೆಗೆದು, ದಾರಿಯ ತಿರುವುಗಳ ಮೇಲೆಲ್ಲ ಅದನ್ನು ಮಲಗಿಸಿ ಅಳೆದ. ಹನ್ನೊಂದು ಸೆಂಟಿಮೀಟರ್. ಹಾಗಾದರೆ ಎಷ್ಟು ದೂರ? ನೀವೇ ಲೆಕ್ಕ ಹಾಕಿ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಊರು ಶುರುವಾಗುವಲ್ಲಿ ಕೆಂಪು ಅಂಚಿನ ಬಿಳಿ ಫಲಕದಲ್ಲಿ ಊರಿನ ಹೆಸರು. ಬೇರೆ ಸೂಚನೆ ಏನೂ ಇಲ್ಲದಿದ್ದರೂ ಅಲ್ಲಿಂದ ವೇಗ ಗಂಟೆಗೆ 50 ಕಿ.ಮೀ. ದಾಟುವ ಹಾಗಿಲ್ಲ. ಊರು ಮುಗಿಯುವಲ್ಲಿ ಅದೇ ಹೆಸರು, ಮೇಲೆ ಓರೆಯಾಗಿ ಒಂದು ಕೆಂಪು ಗೆರೆ. ಗೆರೆ ಎಳೆದ ಹೆಸರು ಕಂಡಾಗಲೆಲ್ಲ ಮೊಮ್ಮಗ “ಊರು ಖಲಾಸ್!” ಎಂದು ಕೂಗುತ್ತಿದ್ದ.

ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಅಂಗಡಿಗಳಿಗೆಲ್ಲ ಬೀಗ. ಅಂಗಡಿಯವರೂ ಊಟ ಮಾಡಬೇಡವೇ? ನಾವು ಮರದ ನೆರಳಲ್ಲಿ ಕೂತು, ಕಟ್ಟಿಕೊಂಡು ಬಂದಿದ್ದ ಚಪಾತಿ ಪಲ್ಯ ತಿಂದೆವು.

ಮನೆ ಸಿಕ್ಕಿತು. ದಪ್ಪ ಕಲ್ಲಿನ ಗೋಡೆ, ಕಿಟಕಿಗಳಿಗೆ ಹೊರಗಡೆಯಿಂದ ಮರದ ಕದ. ಮಾಡಿಗೆ ಏನು ಹೊದಿಸಿದ್ದರು ಗೊತ್ತೇ? ನಾವು ಅಜ್ಜ ಅಜ್ಜಿಯರು ಚಿಕ್ಕವರಿದ್ದಾಗ ಬಳಪ ಹಿಡಿದು ಬರೆಯುತ್ತಿದ್ದ ಸ್ಲೇಟಿನ ಕಲ್ಲು! ಆ ಸೀಮೆಯಲ್ಲಿ ಅದರ ಗಣಿಗಳೇ ಇದ್ದವಂತೆ.

ಬೀಗದ ಕೈ ಇದ್ದದ್ದು ಪಕ್ಕದ ಮನೆಯ ಮುದುಕಮ್ಮನ ಹತ್ತಿರ. ಮೊದಲು ‘ಬೊಂಜೂರ್’ ಅನ್ನದೆ ಆ ದೇಶದಲ್ಲಿ ಮಾತೇ ಮುಂದೆ ಹೋಗುವುದಿಲ್ಲ. ಅಂದೆ. ಆಕೆ ಅಂಗೈಯಷ್ಟು ಉದ್ದದ ಕಬ್ಬಿಣದ ಕೈ ತಂದು ಬಾಗಿಲು ತೆಗೆದರು. ಆಕೆಗೆ ಕನ್ನಡ ಬರದು, ನನಗೆ ಫ್ರೆಂಚ್ ಬರದು. ನಡುವೆ ಮೊಮ್ಮಗ. ಆಕೆ ಹುಟ್ಟಿ ಬೆಳೆದ ಮನೆಯಂತೆ ಅದು. ತಂದೆ ತಾಯಿ ಹೋದ ಮೇಲೆ ಏಳು ವರ್ಷ ಬೀಗ ಹಾಕಿತ್ತಂತೆ, ಮಾಡು ಸೋರಿ ಒಂದು ತೊಲೆ ಮುರಿದಿತ್ತಂತೆ.

ಈ ‘ಜೀತ್’ ಹುಟ್ಟಿದ್ದೂ ಇಂಥ ಮನೆಗಳ ಸಲುವಾಗಿಯೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಹಳ್ಳಿಯವರು ಪಟ್ಟಣ ಸೇರುತ್ತಿದ್ದರು, ಮನೆಗಳು ಬೀಳುತ್ತಿದ್ದವು. ಪಟ್ಟಣದ ಸಾಮಾನ್ಯ ಸಂಸಾರಗಳಿಗೋ ರಜೆಗೆ ಹೋಟೆಲಿನ ಖರ್ಚು ನಿಲುಕದು. ಎಮಿಲ್ ಓಬೇರ್ ಎಂಬ ಸೆನೆಟರು ಎರಡನ್ನೂ ಜೋಡಿಸಿದರು: ಮನೆ ರಿಪೇರಿಗೆ ನೆರವು ಕೊಡೋಣ, ರೈತರು ಅದನ್ನು ರಜೆಯವರಿಗೆ ಬಾಡಿಗೆಗೆ ಕೊಡಲಿ. ಮೊದಲನೆಯದು 1951ರಲ್ಲಿ ಆಲ್ಪ್ಸ್ ಸೀಮೆಯಲ್ಲಿ ತೆರೆಯಿತು.

ಇದರಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಆ ಊರಿನ ಶಾಲೆ ಮುಚ್ಚಿದೆ. ಬೇಕರಿಯೂ ಇಲ್ಲ, ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆಯುತ್ತಾ ಬರುತ್ತದೆ, ನಮ್ಮ ಬೀದಿಗೆ ಸೊಪ್ಪಿನವಳು ಬಂದ ಹಾಗೆ. ವಾರಕ್ಕೆ ಬಂದು ಹೋಗುವವರ ಮಕ್ಕಳಿಂದ ಶಾಲೆ ತುಂಬುವುದಿಲ್ಲ. ಆದರೆ ಮಾಡು ನಿಂತಿದೆ, ರಾತ್ರಿ ದೀಪ ಉರಿಯುತ್ತದೆ.

ಒಂದು ಸಂಜೆ ಮೊಮ್ಮಗ ಕೇಳಿದ: “ಅಜ್ಜಿ, ನಮ್ಮೂರ ಮನೆ ಬೀಗದ ಕೈ ಯಾರ ಹತ್ತಿರ ಇದೆ?”

“ಬೆಂಗಳೂರಲ್ಲಿ, ನನ್ನ ಬೀರುವಿನಲ್ಲಿ.”

ಅವನು ಅದನ್ನೂ ಫ್ರೆಂಚಿನಲ್ಲಿ ಹೇಳಿಬಿಟ್ಟ. ಮುದುಕಮ್ಮ ತಲೆಯಾಡಿಸಿ ಏನೋ ಅಂದರು. “ಮತ್ತೆ ಕಿಟಕಿ ಯಾರು ತೆಗೀತಾರೆ ಅಂತ ಕೇಳ್ತಿದ್ದಾರೆ ಅಜ್ಜಿ.”

ಆ ಮನೆ ನಮ್ಮ ಅಪ್ಪ ಕಟ್ಟಿಸಿದ್ದು. ಮಾರಿಬಿಡೋಣ ಅಂತ ನಾವು ಐದು ಜನ ಒಡಹುಟ್ಟಿದವರ ನಡುವೆ ಮಾತು ನಡೆಯುತ್ತಿತ್ತು, ಗಿರಾಕಿಯೂ ಬಂದಿದ್ದ. ಮರುದಿನ ಸಿಗ್ನಲ್ ಸಿಗುವ ಒಂದೇ ಜಾಗ, ಚರ್ಚಿನ ಮೆಟ್ಟಿಲ ಮೇಲೆ ನಿಂತು ಶಿವಮೊಗ್ಗದ ತಮ್ಮನಿಗೆ ಫೋನ್ ಮಾಡಿದೆ. “ಈ ವರ್ಷ ಮಾರೋದು ಬೇಡ ಕಣೋ. ಮಳೆ ನಿಂತ ಮೇಲೆ ಹೆಂಚು ಸರಿಮಾಡಿಸೋಣ. ಕೈಯನ್ನು ಪಕ್ಕದ ಮನೆ ಶಾರದತ್ತಿಗೆಗೆ ಕೊಡ್ತೀನಿ.”

“ಖರ್ಚು ಯಾರು ಕೊಡ್ತಾರೆ ಅಕ್ಕ?” ಅಂದ ತಮ್ಮ.

ಆ ಮಾತು ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಹೆಂಚಿನವರು ಮಾತ್ರ ದೀಪಾವಳಿ ಕಳೆದ ವಾರ ಬಂದು ಮಾಡಿನ ಅಳತೆ ತೆಗೆದುಕೊಂಡು ಹೋದರು. ಕಿಟಕಿಗಳನ್ನು ಶಾರದತ್ತಿಗೆ ಪ್ರತಿ ಶುಕ್ರವಾರ ತೆಗೆಯುತ್ತಾರೆ.