ಕಾರು ತಗ್ಗಿ ನಡೆಯಲಿ, ಆದರೆ ಎಷ್ಟು?

ಪ್ರತಿ ಸಲ ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟರಾಲ್ ಎಂದು ಕೊರೆಯುವ ಡಾಕ್ಟರು ಈ ಸಲ ಕಾರಿನ ಹೊಟ್ಟೆಯ ಬಗ್ಗೆ ಬರೆಯುತ್ತಿದ್ದಾನಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣವಿದೆ. "ತಗ್ಗಿ ಬಗ್ಗಿ ನಡೆಯಬೇಕು" ಎಂದು ನಾವು ಮಕ್ಕಳಿಗೆ ಹೇಳಿಕೊಟ್ಟೆವು. ಕೆಲವರು ತಾವು ತಗ್ಗುವ ಬದಲು ಕಾರನ್ನೇ ತಗ್ಗಿಸುತ್ತಿದ್ದಾರೆ! ಬೇಡವೆಂದರೆ ಕೇಳುವ ವಯಸ್ಸು ಅದಲ್ಲ. ಎಷ್ಟು ತಗ್ಗಿಸಬಹುದು ಎಂಬ ಲೆಕ್ಕವನ್ನಾದರೂ ತಿಳಿದಿರೋಣ.

ಇದು ಹೊಸ ಹುಚ್ಚಲ್ಲ. ಮೆಕ್ಸಿಕನ್-ಅಮೆರಿಕನ್ನರ ಲೋರೈಡರ್ ಕಾರುಗಳಿಗೆ ದೊಡ್ಡ ಇತಿಹಾಸವಿದೆ. ರಿಮ್ಮಿನ ತಳಕ್ಕಿಂತ ಕೆಳಗೆ ಕಾರಿನ ಯಾವ ಭಾಗವೂ ಇರಕೂಡದೆಂದು ಕ್ಯಾಲಿಫೋರ್ನಿಯಾ 1950ರ ದಶಕದ ಕೊನೆಯಲ್ಲಿ ಕಾನೂನು ಮಾಡಿತು. ರಾನ್ ಅಗಿರೆ ಎಂಬ ಯುವಕ 1959ರಲ್ಲಿ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಜೋಡಿಸಿದ. ಸ್ವಿಚ್ಚು ಒತ್ತಿದರೆ ಕಾರು ಮೇಲೆ, ಇನ್ನೊಮ್ಮೆ ಒತ್ತಿದರೆ ಕೆಳಗೆ! ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಬುದ್ಧಿ. ಆ ಕಾನೂನು 2024ರ ಜನವರಿಯಿಂದ ಅಲ್ಲಿಲ್ಲ. ಆದರೆ ಅದರ ಹಿಂದಿನ ವಿವೇಕ ಇಂದಿಗೂ ಸರಿಯೇ. ಟೈರಿನ ಗಾಳಿ ಹೋದಾಗ ಕಾರು ರಿಮ್ಮಿನ ಮೇಲೆ ಕೂರುತ್ತದೆ. ಆಗ ಬ್ರೇಕಿನ ಪೈಪು, ಸ್ಟೀರಿಂಗಿನ ಭಾಗ, ಆಯಿಲ್ ಪ್ಯಾನು ನೆಲಕ್ಕೆ ಉಜ್ಜಬಾರದು. ಯಾರೇ ಆಗಲಿ, ಈ ಗೆರೆಯನ್ನು ದಾಟಲೇಬಾರದು.

ದಿನನಿತ್ಯದ ಮಿತಿ ಇದಕ್ಕಿಂತ ಮೇಲಿದೆ. ಸಾಧಾರಣ ಸೆಡಾನಿನ ತಳ ನೆಲದಿಂದ ಐದೂವರೆ ಇಂಚಿನಷ್ಟು ಮೇಲಿರುತ್ತದೆ ಎನ್ನಿ. ಎರಡು ಇಂಚು ತಗ್ಗಿಸಿದರೆ ಉಳಿಯುವುದು ಮೂರೂವರೆ. ಐದು ಜನ ಕುಳಿತು, ಡಿಕ್ಕಿಯಲ್ಲಿ ಪಾಟ್‌ಲಕ್ಕಿನ ಬಿಸಿಬೇಳೆಬಾತಿನ ಪಾತ್ರೆ ಇಟ್ಟರೆ ಇನ್ನೊಂದಿಂಚು ಹೋಯಿತು. ನಮ್ಮ ಸಬ್‌ಡಿವಿಷನ್ನುಗಳ ಹಂಪುಗಳ ಎತ್ತರ ಸಾಮಾನ್ಯವಾಗಿ 3ರಿಂದ 4 ಇಂಚು. ಉಳಿದದ್ದನ್ನು ನೀವೇ ಕಳೆದು ನೋಡಿ.

ಟೇಲರ್ ಕಡೆಯವರಿಗೆ ಇನ್ನೊಂದು ತೊಡಕು, ಮಣ್ಣು. ಒಂದು ಕಾಲಕ್ಕೆ ಹತ್ತಿಗೆ ಹೆಸರಾದ ಈ ಊರಿನ ನೆಲ ನಮ್ಮ ಧಾರವಾಡ, ಗದಗಿನ ಎರೆಭೂಮಿಯ ಖಾಸಾ ಸೋದರ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಟಾರು ರಸ್ತೆ ಅಲೆ ಅಲೆಯಾಗಿ ಏರಿಳಿಯುತ್ತದೆ, ಅಂಚು ಕುಸಿಯುತ್ತದೆ. 2021ರಲ್ಲಿ ಸ್ಯಾಮ್‌ಸಂಗ್ ಕಾರ್ಖಾನೆ ಘೋಷಣೆಯಾದ ಮೇಲೆ ಹೊಸ ರಸ್ತೆಗಳೇನೋ ಬಂದವು. ಆದರೆ ಅವುಗಳ ಕೆಳಗಿನ ಮಣ್ಣು ಹಳೆಯದೇ.

ಎಲ್ಲಕ್ಕಿಂತ ಭಯ ನೀರಿನದು. ಟೇಲರ್ ಪಕ್ಕದ ಥ್ರಾಲ್‌ನಲ್ಲಿ 1921ರ ಸೆಪ್ಟೆಂಬರಿನಲ್ಲಿ 24 ಗಂಟೆಗಳಲ್ಲಿ 38.2 ಇಂಚು ಮಳೆ ಸುರಿಯಿತು. ಆ ಬಿರುಮಳೆಗೆ ಈ ಭಾಗದ ಟೆಕ್ಸಸ್‌ನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹ್ಯೂಸ್ಟನ್ನಿಗೆ 2017ರ ಹಾರ್ವಿ, ನಮ್ಮ ಕಡೆಗೆ 2025ರ ಜುಲೈ ಪ್ರವಾಹ ನೆನಪಿವೆಯಲ್ಲ. ಹವಾಮಾನ ಇಲಾಖೆ ಹೇಳುವ ಲೆಕ್ಕ ಹೀಗಿದೆ: 6 ಇಂಚು ನೀರು ಸಾಧಾರಣ ಕಾರಿನ ತಳ ಮುಟ್ಟುತ್ತದೆ, ಹಿಡಿತ ತಪ್ಪಿಸಬಲ್ಲದು. 12 ಇಂಚು ನೀರು ಅನೇಕ ಕಾರುಗಳನ್ನು ತೇಲಿಸುತ್ತದೆ. ಎರಡಡಿ ಹರಿವು ಎಸ್‌ಯುವಿ, ಪಿಕಪ್ಪುಗಳನ್ನೂ ಒಯ್ಯುತ್ತದೆ. ಎರಡು ಇಂಚು ತಗ್ಗಿಸಿದ ಕಾರಿಗೆ ಆ ಮೊದಲ ಅಪಾಯ ಎರಡು ಇಂಚು ಮೊದಲೇ ಬಂತೆಂದು ಅರ್ಥ. ಎತ್ತರದ ಗಾಡಿ ಇದ್ದವರೂ ಬೀಗಬೇಕಾಗಿಲ್ಲ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಯಾರೇ ಆಗಲಿ ಹಿಂದೆ ತಿರುಗಬೇಕು.

ಈಗ ನನ್ನ ಕಸುಬಿನ ಮಾತು. ಸಾಧಾರಣ ಕಾರಿನ ಮೈ ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ಕೂತವರಿಗೆ ಅದು ತೊಟ್ಟಿಲಿನಂತೆ ಹಿತ. ಗಟ್ಟಿ ಸ್ಪ್ರಿಂಗು ಹಾಕಿದಂತೆ ಈ ಸಂಖ್ಯೆ ಏರುತ್ತದೆ. ನಮ್ಮ ಬೆನ್ನು, ಹೊಟ್ಟೆ ಅತಿಯಾಗಿ ಅದುರುವುದು ಸೆಕೆಂಡಿಗೆ 4ರಿಂದ 8ರ ಕಂಪನಕ್ಕೆ. ಸ್ಪ್ರಿಂಗಿಗೆ ಕುಗ್ಗಲು ಜಾಗವೇ ಉಳಿಯದಿದ್ದರೆ ಪೆಟ್ಟು ನೇರವಾಗಿ ಬೆನ್ನುಮೂಳೆಗೆ. ಹಂಪಿನ ಮೇಲೆ ಹಾರಿದ ಬಸ್ಸಿನ ಹಿಂದಿನ ಸೀಟಿನಲ್ಲಿದ್ದವರ ಬೆನ್ನುಮೂಳೆ ಮುರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಊರಿನಿಂದ ಆರು ತಿಂಗಳಿಗೆಂದು ಬಂದ ಅಮ್ಮನಿಗೆ ಮೂಳೆ ಸವೆದಿರುತ್ತದೆ, ಮಂಡಿ ನೋವಿರುತ್ತದೆ. ಸೀಟು ತಗ್ಗಿದಷ್ಟೂ ಏಳುವಾಗ ಮಂಡಿಗೆ ಭಾರ ಹೆಚ್ಚು. ಮೊಮ್ಮಗನ ಕಾರಿನಲ್ಲಿ ದೇವಸ್ಥಾನಕ್ಕೆ ಹೋಗುವ ಆಸೆಯಿದ್ದರೂ "ನನಗೆ ಸುಸ್ತು, ನೀವು ಹೋಗಿ ಬನ್ನಿ" ಎನ್ನುತ್ತಾರೆ. ಅದು ಸುಸ್ತಲ್ಲ, ಸೀಟು.

ಹಾಗಾದರೆ ಎಷ್ಟು? ನನ್ನ ಸಲಹೆ ಒಂದೇ ಇಂಚು. ಅಷ್ಟಕ್ಕೇ ಚಂದ ಬರುತ್ತದೆ, ತಿರುವಿನಲ್ಲಿ ವಾಲುವುದೂ ಕಡಿಮೆಯಾಗುತ್ತದೆ. ಸ್ಪ್ರಿಂಗನ್ನು ಕತ್ತರಿಸಬೇಡಿ, ಕಾಯಿಸಿ ಕುಗ್ಗಿಸಬೇಡಿ. ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರನ್ನೂ ಹಾಕಿಸಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲವಾದರೆ ಟೈರಿನ ಒಳಅಂಚು ಗೊತ್ತಾಗದಂತೆ ಸವೆಯುತ್ತದೆ. ಹೆಡ್‌ಲೈಟು, ಮುಂದಿನ ಕ್ಯಾಮೆರಾಗಳನ್ನೂ ಸರಿಹೊಂದಿಸಿ. 2025ರ ಜನವರಿಯಿಂದ ಟೆಕ್ಸಸ್‌ನಲ್ಲಿ ಸ್ವಂತ ಕಾರುಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆ ಇಲ್ಲ. ನಮ್ಮ ವಿಲಿಯಮ್ಸನ್ ಕೌಂಟಿಯಲ್ಲಿ ಉಳಿದಿರುವುದು ಹೊಗೆಯ ಪರೀಕ್ಷೆ ಮಾತ್ರ. ಅಂದಮೇಲೆ ಕಾರಿನ ಕೆಳಗೆ ಬಗ್ಗಿ ನೋಡುವ ಕೆಲಸ ನಮ್ಮದೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ರಸ್ತೆ ಇದ್ದ ಹಾಗೆ ಕಾರು ತಗ್ಗಿಸು ಎನ್ನುತ್ತೇನೆ ನಾನು. ಮನೆಯ ಹುಡುಗರಿಗೆ ಈ ಪುಟವನ್ನು ಓದಿ ಹೇಳಿ, ಬೇವಿನ ಜೊತೆ ಬೆಲ್ಲವನ್ನೂ ಕೊಟ್ಟು.